ಪರದೆಯಿಂದ ಚಾಚಿದ ತೋಳು

ಕುದುರೆಯಿಂದ ಬಿದ್ದವನು ನಾಲ್ಕನೆಯ ಸಲವೂ ಸರಿಯಾಗಿ ಬೀಳಲಿಲ್ಲ.

"ಅಯ್ಯೋ, ಪಾನ್ ಗೆದೆಯೋನ್! ಸತ್ತೋರು ಯಾರಾದ್ರೂ ಹಾಗೆ ಕೈ ಊರಿಕೊಂಡು ಬೀಳ್ತಾರಾ?" ಪಾದ್ರಿ ಬೋನಿಫಾತ್ಸಿ ಹಣೆ ಚಚ್ಚಿಕೊಂಡರು. "ಎಲೆಕೋಸಿನ ಮೂಟೆ ಇಳಿಸಿದ ಹಾಗೆ ಬೀಳಬೇಕು. ದಢಾರ್ ಅಂತ! ಕೊನೇ ಸಾಲಿನಲ್ಲಿ ತೂಕಡಿಸೋ ಮುದುಕಿಗೂ ಎದೆ ಝಲ್ ಅನ್ನಬೇಕು!"

"ತಾವೇ ಒಂದ್ಸಲ ಬಿದ್ದು ತೋರಿಸಿಬಿಡಿ ಸ್ವಾಮಿಗಳೇ," ಎಂದು ನೆಲದ ಮೇಲಿನ ಕಬ್ಬಿಣದ ರಾಶಿಯೊಳಗಿಂದ ಗೆದೆಯೋನ್ ನರಳಿದ. "ನಾನು ನೋಡಿ ಕಲಿತ್ಕೋತೀನಿ."

ಮರುದಿನ, ಶನಿವಾರ, ಪಾನ್ ಸೆವೆರಿನ್‌ನ ಮಣ್ಣು; ಸರದಾರರನ್ನು ಅಲ್ಲಿ ಪಾನ್ ಎಂದೇ ಕರೆಯುವುದು. ವಿಯೆನ್ನಾದ ಗೋಡೆಯ ಕೆಳಗೆ ತುರ್ಕರ ಬಾವುಟ ಕಿತ್ತುಕೊಂಡು ಬಂದ ಒಡೆಯ ಅವನು. ಅಂಥವನನ್ನು ಸುಮ್ಮನೆ ಗುಂಡಿಗಿಳಿಸಿ ಬರುವಂತಿಲ್ಲ; ಸಿದ್ಧತೆ ಮುಗಿಯಲೆಂದು ಪೆಟ್ಟಿಗೆ ಆರು ವಾರ ಹಿಮದ ಚಳಿಯಲ್ಲಿ ಕಾದಿತ್ತು. ಸತ್ತವನ ಕವಚ ತೊಟ್ಟು, ಸತ್ತವನ ಕುದುರೆ ಏರಿ, ಸತ್ತವನೇ ಎದ್ದು ಬಂದನೋ ಎಂಬಂತೆ ಒಬ್ಬ ಸವಾರ ಚರ್ಚಿನೊಳಕ್ಕೆ ನುಗ್ಗಬೇಕು. ಶವಪೆಟ್ಟಿಗೆಯ ಮುಂದೆ ಈಟಿ ಮುರಿಯಬೇಕು. ಆಮೇಲೆ ಉರುಳಿ ಬೀಳಬೇಕು. ಇಷ್ಟಾದರೆ ಮಾತ್ರ ಒಬ್ಬ ಸರದಾರ ಸತ್ತನೆಂದು ಪ್ರಾಂತ್ಯ ಒಪ್ಪುತ್ತದೆ. ದೂರದ ದಾಯಾದಿಯಾದ ಗೆದೆಯೋನ್ ಎತ್ತರದಲ್ಲಿ, ಭುಜದ ಅಗಲದಲ್ಲಿ ಸತ್ತವನಿಗೆ ಸರಿಸಮ. ಹಾಗಾಗಿ ಬೀಳುವ ಕೆಲಸ ಅವನ ಪಾಲಿಗೆ ಬಂದಿತ್ತು.

ಕಪ್ಪುಬಟ್ಟೆ ಹೊದಿಸಿದ ಎತ್ತರದ ಶವಮಂಟಪಕ್ಕೆ ಏಣಿ ಹಾಕಿಕೊಂಡು ಅಪೊಲೋನಿಯಾ ಮೊಳೆ ಹೊಡೆಯುತ್ತಿದ್ದಳು. ಪೆಟ್ಟಿಗೆಯ ತಲೆಯ ಕಡೆಗೆ ಆರು ಮೂಲೆಯ ತವರದ ತಗಡು, ಅದರ ಮೇಲೆ ಅವಳೇ ಬರೆದ ಪಾನ್ ಸೆವೆರಿನ್‌ನ ಮುಖ. ಕಣ್ಣು ಬಿಟ್ಟ ಮುಖ, ತನ್ನ ಮಣ್ಣಿಗೆ ಯಾರು ಯಾರು ಬಂದಿದ್ದಾರೆಂದು ಎಣಿಸುವಂಥ ನೋಟ. ಗಂಡ ಸತ್ತ ಮೇಲೆ ಕುಂಚ ಹಿಡಿದ ಅಪೊಲೋನಿಯಾಳನ್ನು ಬಿಟ್ಟರೆ ಸುತ್ತ ಮೂರು ದಿನದ ದಾರಿಯಲ್ಲಿ ತಗಡಿನ ಮೇಲೆ ಮುಖ ಬರೆಯುವವರು ಇರಲಿಲ್ಲ. ಇದ್ದಿದ್ದರೆ ಸತ್ತವನ ಮನೆಯವರು ಅವಳನ್ನು ಹೊಸ್ತಿಲು ತುಳಿಯಲು ಬಿಡುತ್ತಿರಲಿಲ್ಲ.

ಏಕೆಂದರೆ ಕಾಯಿಲೆಗೆ ಮದ್ದೆಂದು ಪಾನ್ ಸೆವೆರಿನ್‌ನ ರಕ್ತ ತೆಗೆದ ಚೂರಿಗೆ ವಿಷ ಸವರಿದ್ದನೆಂಬ ಆರೋಪ ಹೊತ್ತು ಅವಳ ತಮ್ಮ, ಊರ ಕ್ಷೌರಿಕ ವಾಲೆಂತಿ, ಅವಳ ಪಾಲಿನ ವಾಲೆಕ್, ಆರು ವಾರದಿಂದ ನೆಲಮಾಳಿಗೆಯಲ್ಲಿ ಕೊಳೆಯುತ್ತಿದ್ದ. ಸೋಮವಾರ ಅವನಿಗೆ ನೇಣು.

ಕೆಳಗೆ ಗೆದೆಯೋನ್ ಐದನೆಯ ಸಲ ಬಿದ್ದ. ಈ ಸಲ ಎಡಗೈಯ ಕಬ್ಬಿಣದ ಕೈಗವಸು ಕಳಚಿ, ಕಲ್ಲುನೆಲದ ಮೇಲೆ ಖಣಖಣ ಉರುಳುತ್ತ ಏಣಿಯ ಬುಡಕ್ಕೆ ಬಂದು ನಿಂತಿತು.

"ಮತ್ತೆ ಬಿಚ್ಚಿಕೊಂಡಿತಾ?" ಎಂದು ಪಾದ್ರಿಗಳು ಸಿಡುಕಿದರು. "ಕವಚ ಸರಿಯಾಗಿದೆ, ಕಬ್ಬಿಣದ ಟೋಪಿ ಸರಿಯಾಗಿದೆ, ಈ ಕವಸಿಗೇನು ಬಂತು ದೊಡ್ಡರೋಗ?"

"ಒಡೆಯರ ಬೆರಳು ಒಂದೊಂದೂ ಮೂಲಂಗಿ ಸ್ವಾಮಿಗಳೇ. ನನ್ನ ಕೈ ನೋಡಿ, ಒಳಗೆ ತಿರುಗ್ತದೆ."

ಪಾದ್ರಿಗಳಿಗೆ ಸಾಕಾಗಿತ್ತು. ಬಿಸಿ ಸೂಪು ಕುಡಿದು ಬರುತ್ತೇನೆಂದು ಹೊರಟೇಹೋದರು. ಗೆದೆಯೋನ್ ಕುಂಟುತ್ತ ಗಂಟೆಗೋಪುರದ ಕೋಣೆಯ ಕಡೆ ನಡೆದ. ಚರ್ಚಿನಲ್ಲಿ ಉಳಿದವರು ಇಬ್ಬರೇ: ಅಪೊಲೋನಿಯಾ, ಮತ್ತು ಗೊರಸಿನ ಕೆಸರು ಒರೆಸುತ್ತಿದ್ದ ಮುದುಕಿ ಫ್ರುಜಾ. ಊರಲ್ಲಿ ನೆಲ ಒರೆಸುವವಳೂ ಅವಳೇ, ಹೆಣ ತೊಳೆಯುವವಳೂ ಅವಳೇ.

"ಐದು ಕಿತ ಬಂತು ಆ ಕುದುರೆ, ಐದು ಕಿತ ಒರೆಸಿದೆ," ಎಂದು ಫ್ರುಜಾ ಗೊಣಗಿದಳು. ಆಮೇಲೆ ಸೊಂಟಕ್ಕೆ ಕೈಕೊಟ್ಟು ತಗಡಿನ ಕಡೆ ಕತ್ತೆತ್ತಿದಳು. "ಆದ್ರೂ ಮುಖ ಚಂದಾಗಿ ಬಂದೈತೆ ಕಣವ್ವ. ಅದೇ ಗದ್ದ, ಅದೇ ಮೀಸೆ. ನಾನು ತೊಳೆದಾಗ ಇದ್ದಂಗೇ."

"ನೀನಾ ತೊಳೆದದ್ದು?"

"ಇನ್ಯಾರು? ಏನು ಮೈ ಅಂತೀಯ! ಮೂರು ಜನ ಹಿಡಕೊಂಡು ಹೊರಳಿಸಿದ್ವಿ. ಹೊಟ್ಟೆ ಮ್ಯಾಲೆ ತುರ್ಕರದೊಂದು ಗಾಯ, ತೊಡೆ ಮ್ಯಾಲೆ ತಾತಾರರದೊಂದು ಗಾಯ. ತೋಳು ಎರಡೂ ಮಾತ್ರ ಹಸುಗೂಸಿನ ತೋಳಿದ್ದಂಗೆ. ಒಂದು ಗೀರಿಲ್ಲ."

ಅಪೊಲೋನಿಯಾಳ ಸುತ್ತಿಗೆ ಗಾಳಿಯಲ್ಲೇ ನಿಂತಿತು.

"ಎರಡೂ ತೋಳು ನೋಡಿದ್ಯಾ?"

"ಇರೋದೇ ಎರಡು ತಾನೇ."

"ಫ್ರುಜಾ, ನನ್ನ ಕಡೆ ನೋಡಿ ಹೇಳು. ಮೊಣಕೈ ಒಳಗಡೆ, ಇಲ್ಲಿ, ಒಂದು ಸಣ್ಣ ಕಡಿತ ಇರಲಿಲ್ವಾ? ಬಟ್ಟೆ ಪಟ್ಟಿ? ರಕ್ತದ ಕಲೆ?"

"ಇಲ್ಲ ಅಂದ್ನಲ್ಲ! ನಾನೇನು ಕುರುಡಿನಾ?"

ಅಪೊಲೋನಿಯಾ ಏಣಿಯಿಂದ ಇಳಿದಳೋ ಜಾರಿದಳೋ ಅವಳಿಗೇ ತಿಳಿಯಲಿಲ್ಲ. "ಇದನ್ನ ಆರು ವಾರದಿಂದ ಯಾರಿಗೂ ಯಾಕೆ ಹೇಳಲಿಲ್ಲ ನೀನು?"

"ಯಾರು ಕೇಳಿದ್ರು ನನ್ನ?" ಎಂದು ಫ್ರುಜಾ ಒದ್ದೆಬಟ್ಟೆ ಹಿಂಡಿದಳು. "ಒಡತಿ ಬಾಗಿಲಾಗೇ ನಿಂತ್ಕೊಂಡು ಗೋಡೆ ನೋಡ್ತಿದ್ರು. ನ್ಯಾಯದೋರು ಬಟ್ಟೆ ತೊಡಿಸಿ ಪೆಟ್ಟಿಗೆಗೆ ಇಳಿಸಿದ ಮ್ಯಾಲೆ ಬಂದು ಬರೀ ಮುಖ ಕಂಡು ಹೋದ್ರು. ನೆಲ ಒರೆಸೋಳ್ನ ಕೂರಿಸಿ ಕೇಳೋ ಕಾಲ ಇನ್ನೂ ಬಂದಿಲ್ಲ ಕಣವ್ವ."

ಅಪೊಲೋನಿಯಾ ಕಬ್ಬಿಣದ ಕವಸನ್ನು ಎತ್ತಿ ಬುಟ್ಟಿಗೆ ಹಾಕಿಕೊಂಡಳು. ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಳ್ಳಲೂ ನಿಲ್ಲದೆ ಸಂತೆಮಾಳದ ಕಡೆ ಓಡಿದಳು.

ನಗರಸಭೆಯ ನೆಲಮಾಳಿಗೆಗೆ ಇದ್ದದ್ದು ಒಂದೇ ಕಿಂಡಿ, ಅದೂ ಬೀದಿಯ ಮಟ್ಟದಲ್ಲಿ. ಮಾತಾಡಬೇಕೆಂದರೆ ಹಿಮದಲ್ಲಿ ಕುಕ್ಕರುಗಾಲಲ್ಲಿ ಕೂರಬೇಕು. ಅಪೊಲೋನಿಯಾ ಕೂತಳು. ಸರಳಿನ ಸಂದಿಯಿಂದ ಕೊಬ್ಬು ಸವರಿದ ರೊಟ್ಟಿಯನ್ನೂ ಎರಡು ಉಪ್ಪಿನ ಸೌತೆಯನ್ನೂ ಒಳಗೆ ತೂರಿಸಿದಳು.

"ಅಕ್ಕ, ನನ್ನ ಗಡ್ಡ ನೋಡಿದ್ಯಾ?" ಎಂದಿತು ಕತ್ತಲೊಳಗಿನ ದನಿ. "ಊರಿಗಿರೋನು ಒಬ್ಬನೇ ಕ್ಷೌರಿಕ. ಆರು ವಾರಕ್ಕೇ ಇವರೆಲ್ಲ ಅರ್ಧ ಕರಡಿ; ಸೋಮವಾರ ನನ್ನ ಮುಗಿಸಿಬಿಟ್ರೆ ಪೂರ್ತಿ ಕರಡಿ ಥರ ಓಡಾಡ್ತಾರೆ. ಹೇಳು ನ್ಯಾಯಾಧೀಶರಿಗೆ."

"ತಮಾಷೆ ಸಾಕು ಮಾಡು ವಾಲೆಕ್. ಆವತ್ತು ಏನಾಯ್ತು, ಇನ್ನೊಂದು ಸಲ ಹೇಳು. ಒಂದು ಕೂದಲೂ ಬಿಡಬೇಡ."

"ಎಷ್ಟು ಸಲ ಹೇಳೋದು? ಹೋದೆ. ಒಡೆಯರು ಮಲಗಿದ್ರು. ಮಂಚದ ಸುತ್ತ ವಿಯೆನ್ನಾದಿಂದ ತಂದ ಆ ತುರ್ಕರ ಡೇರೆ ಬಟ್ಟೆ, ಕೆಂಪು, ಕಂಬಳಿಯಷ್ಟು ದಪ್ಪ. ಚಳಿಗಾಳಿ ತಾಗಬಾರದು, ಪರದೆ ತೆಗೀಬೇಡ ಅಂದ್ರು. ಸಂದಿಯಿಂದ ಎಡತೋಳು ಹೊರಗೆ ಬಂತು. ಕುಯ್ದೆ, ಬೋಗುಣಿಗೆ ಹಿಡಿದೆ, ಪಟ್ಟಿ ಕಟ್ಟಿದೆ, ಬಂದೆ. ಬೆಳಗ್ಗೆ ತುಟಿ ಕಪ್ಪಗಾಗಿ ಸತ್ತಿದ್ರಂತೆ."

"ಅಂದ್ರು ಅಂದ್ಯಲ್ಲ. ಯಾರು ಅಂದದ್ದು?"

"ಒಡೆಯರೇ! ಅವರ ದನಿ ನನಗೆ ಗೊತ್ತಾಗಲ್ವಾ? ವಾರಕ್ಕೊಂದು ಸಲ ಗದ್ದ ಹಿಡಿದು ಕ್ಷೌರ ಮಾಡ್ತೀನಿ. ಪರದೆ ಒಳಗಿಂದ 'ಬೇಗ ಮುಗಿಸೋ, ಕತ್ತೆ' ಅಂದ್ರು. ಅವರದೇ ದನಿ, ಅವರದೇ ಬೈಗುಳ."

ಅಪೊಲೋನಿಯಾಗೆ ಗೊಂದಲವಾಯಿತು. ದಾರಿಯುದ್ದಕ್ಕೂ ಅವಳು ಕಟ್ಟಿಕೊಂಡು ಬಂದ ಲೆಕ್ಕಾಚಾರವೇ ಬೇರೆ: ಒಡೆಯ ಆಗಲೇ ಸತ್ತಿದ್ದ, ಪರದೆಯ ಹಿಂದೆ ಬೇರೆ ಯಾರೋ ಮಲಗಿದ್ದರು ಎಂದು. ಆದರೆ ಸತ್ತವರು ಕತ್ತೆ ಎಂದು ಬೈಯುವುದಿಲ್ಲ.

"ಅವರ ರಕ್ತ ಮೊದಲು ತೆಗೆದಿದ್ಯಾ?"

"ಇಲ್ಲ. ಮೊದಲೆಲ್ಲ ಪೊಜ್ನಾನ್ ಪಟ್ಟಣದಿಂದ ಯಾರೋ ಬರ್ತಿದ್ರು. ನಾನು ಹೆದರಿಕೊಂಡೇ ಹೋದೆ ಅಕ್ಕ. ದಪ್ಪ ಆಳುಗಳ ನರ ಸಿಗೋದೇ ಇಲ್ಲ, ಕೊಬ್ಬಿನೊಳಗೆ ಹುದುಗಿರತ್ತೆ. ಆದ್ರೆ ಆವತ್ತು ಬೆರಳಿಟ್ಟ ತಕ್ಷಣ ಸಿಕ್ತು. ಮಣಿಕಟ್ಟು ನನ್ನ ಎರಡು ಬೆರಳಿನ ಹಿಡಿತಕ್ಕೆ ಬಂತು. ಪಾಪ, ಕಾಯಿಲೆಯಲ್ಲಿ ಎಷ್ಟು ಇಳಿದುಹೋದ್ರು ಅಂದ್ಕೊಂಡೆ."

"ಹಿಂದಿನ ಕ್ಷೌರ ಯಾವತ್ತು ಮಾಡಿದ್ದೆ?"

"ಮೂರು ದಿನ ಮುಂಚೆ."

"ಆಗ ಗದ್ದ ಇಳಿದಿತ್ತಾ?"

ಒಳಗೆ ಸೌತೆಕಾಯಿ ಕಡಿಯುವ ಸದ್ದು ನಿಂತಿತು. "ಇಲ್ಲ," ಎಂದ ವಾಲೆಂತಿ ನಿಧಾನಕ್ಕೆ. "ಎರಡು ಮಡಿಕೆ ಇತ್ತು ಗದ್ದ. ಮೂರು ದಿನದಲ್ಲಿ ತೋಳು ಮಾತ್ರ ಹೇಗೆ ಇಳೀತು ಅಕ್ಕ?"

ದನಿ ಒಡೆಯನದು, ತೋಳು ಒಡೆಯನದಲ್ಲ. ಅಪೊಲೋನಿಯಾ ಬುಟ್ಟಿಯಲ್ಲಿದ್ದ ಕಬ್ಬಿಣದ ಕವಸನ್ನೇ ನೋಡುತ್ತ ಕೂತಳು. ಪರದೆಯ ಹಿಂದೆ ಇದ್ದದ್ದು ಒಬ್ಬನಲ್ಲ. ಇಬ್ಬರಿದ್ದರು.

"ನಿನ್ನ ಕಡಿತ ನೋಡಿದ್ರೆ ಗುರುತು ಸಿಗತ್ತಾ ವಾಲೆಕ್?"

"ಯಾಕೆ ಸಿಗಲ್ಲ? ನಾನು ಎಡಚ. ಬೇರೆಯವರ ಕಡಿತ ಒಳಕ್ಕೆ ಓರೆ, ನಂದು ಹೊರಕ್ಕೆ ಓರೆ. ಅರ್ಧ ಊರಿನ ಮೊಣಕೈಯಲ್ಲಿ ನನ್ನ ಸಹಿ ಇದೆ. ಅಕ್ಕ, ಏನು ಸಿಕ್ಕಿದೆ ನಿನಗೆ? ಅಕ್ಕ!"

ಆದರೆ ಅಕ್ಕ ಆಗಲೇ ಎದ್ದು ಹೋಗಿದ್ದಳು.

ಗಂಟೆಗೋಪುರದ ಕೋಣೆಯಲ್ಲಿ ಗೆದೆಯೋನ್ ಕವಚ ಕಳಚಿ, ಬರೀ ಅಂಗಿಯಲ್ಲಿ ಕೂತು ಮಂಡಿಗೆ ಹೆಬ್ಬಾತಿನ ಕೊಬ್ಬು ತಿಕ್ಕಿಕೊಳ್ಳುತ್ತಿದ್ದ. ಮೂವತ್ತು ದಾಟಿದ ಬಡ ಸರದಾರ. ಹೆಸರಿಗೆ ಲಾಂಛನ ಉಂಟು, ಹೊಲವಿಲ್ಲ. ಹತ್ತು ವರ್ಷದಿಂದ ಸೆವೆರಿನ್‌ನ ಊಟದ ಮೇಜಿನ ತುದಿಯಲ್ಲಿ ಕೂತು ಉಂಡವನು.

"ಓಹೋ, ಚಿತ್ರದಮ್ಮ! ಕವಸು ತಂದ್ಯಾ? ಅಲ್ಲೇ ಇಡು."

"ಇಡ್ತೀನಿ. ಎಡಗೈ ಹೇಗಿದೆ ಪಾನ್ ಗೆದೆಯೋನ್? ಐದು ಸಲ ಬಿದ್ರಿ, ತೋಳು ಊದಿರತ್ತೆ. ನನ್ನ ತಮ್ಮ ಇದ್ದಿದ್ರೆ ನೋಡ್ತಿದ್ದ. ಅವನಿಲ್ಲವಲ್ಲ, ನಾನೇ ನೋಡ್ತೀನಿ, ತೋಳು ಮಡಚಿ."

"ಏನೂ ಆಗಿಲ್ಲ."

"ಮಡಚಿದ್ರೆ ತಾನೇ ಗೊತ್ತಾಗೋದು."

"ಆಗಿಲ್ಲ ಅಂದೆ!"

ಅವನು ಎಡತೋಳನ್ನು ಎದೆಗೆ ಅವಚಿಕೊಂಡ. ಅಪೊಲೋನಿಯಾ ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. 

"ಹಾಗಾದ್ರೆ ನಾನೇ ಹೇಳಿಬಿಡ್ಲಾ? ಮೊಣಕೈ ಒಳಗಡೆ ಒಂದು ಗಾಯದ ಗೆರೆ ಇದೆ. ಹೊರಕ್ಕೆ ಓರೆ. ಎಡಚ ಕುಯ್ದದ್ದು. ಆರು ವಾರದ್ದು."

ಗೆದೆಯೋನ್ ಎದ್ದ. ಗೋಡೆಗೆ ಒರಗಿಸಿದ ಖಡ್ಗದ ಕಡೆ ಕೈ ಹೋಯಿತು. "ನೀನು ಯಾರ ಜೊತೆ ಮಾತಾಡ್ತಿದ್ದೀಯ, ನೆನಪಿದೆಯಾ?"

"ಚೆನ್ನಾಗಿ ನೆನಪಿದೆ. ಸರದಾರರ ಜೊತೆ. ಆಣೆ ಮಾಡಿ ಒಂದು ಮಾತು ಹೇಳಿದ್ರೆ ನ್ಯಾಯಾಲಯ ಎದ್ದು ನಿಂತು ಕೇಳತ್ತೆ, ಅಂಥವರ ಜೊತೆ. ನಮ್ಮಂಥವರು ನೂರು ಜನ ಬಾಯಿ ಬಡ್ಕೊಂಡ್ರೂ ಯಾರೂ ತಿರುಗಿ ನೋಡಲ್ಲ. ಅದಕ್ಕೇ ಬಂದಿದ್ದೀನಿ. ಕಡೀತೀರಾ? ಕಡೀರಿ. ನಾಳೆ ಆ ತಗಡಿಗೆ ಕೊನೇ ಮೊಳೆ ಹೊಡೆಯೋಕೆ ಬೇರೆಯವರನ್ನ ಹುಡುಕ್ಕೊಳ್ಳಿ."

ಖಡ್ಗ ಒರೆಯಲ್ಲೇ ಉಳಿಯಿತು. ಗೆದೆಯೋನ್ ಮತ್ತೆ ಕೂತ. ಬಹಳ ಹೊತ್ತು ಕೊಬ್ಬಿನ ಡಬ್ಬಿಯ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದ.

"ಕ್ಷೌರದ ಕತ್ತಿ ಪರವಾಗಿಲ್ಲ, ರಕ್ತ ತೆಗೆಯೋ ಚೂರಿ ಕಂಡ್ರೆ ಅವರಿಗೆ ಆಗ್ತಿರಲಿಲ್ಲ," ಎಂದ ಕಡೆಗೆ.

"ಯಾರಿಗೆ?"

"ಇನ್ಯಾರಿಗೆ? ಒಡೆಯರಿಗೆ. ನಗಬೇಡ. ತುರ್ಕರ ಖಡ್ಗದೆದುರು ನಿಂತದ್ದು ನಾನೇ ಕಣ್ಣಾರೆ ಕಂಡಿದ್ದೀನಿ, ರೆಪ್ಪೆ ಹೊಡೀಲಿಲ್ಲ. ಆದ್ರೆ ಕ್ಷೌರಿಕ ರಕ್ತದ ಬೋಗುಣಿ ಕೆಳಗಿಟ್ಟ ಸದ್ದು ಕೇಳಿದ್ರೆ ಸಾಕು, ಬೆವರು ಕಿತ್ಕೊಂಡು ಬರ್ತಿತ್ತು. ಮನೆಯಲ್ಲಿ ಒಡತಿ, ತಲೆಬೇನೆ ಅಂದ್ರೆ ರಕ್ತ ತೆಗೆಸಿ, ಜ್ವರ ಅಂದ್ರೆ ರಕ್ತ ತೆಗೆಸಿ ಅನ್ನೋರು. ಹೆದರಿಕೆ ಅಂತ ಹೆಂಡತಿ ಮುಂದೆ ಹೇಳ್ಕೊಳ್ಳೋಕೆ ಆಗತ್ತಾ? ಅದಕ್ಕೇ ಆ ಪರದೆ. ಅವರು ಗೋಡೆ ಕಡೆ ಮಲಗೋರು, ಬೈಯೋರು. ನಾನು ಈ ಕಡೆ ಮಲಗಿ ತೋಳು ಚಾಚ್ತಿದ್ದೆ. ಎಂಟು ವರ್ಷದಿಂದ ನನ್ನ ರಕ್ತವೇ ಹೋಗ್ತಿತ್ತು."

ಅಪೊಲೋನಿಯಾ ನಗಬಾರದೆಂದು ತುಟಿ ಕಚ್ಚಿದಳು. ಆದರೂ ನಗು ಬಂದೇಬಿಟ್ಟಿತು, ಅದರ ಬೆನ್ನಿಗೇ ಅಳುವೂ ಬಂತು. ಒಬ್ಬ ವೀರನ ಪುಕ್ಕಲುತನಕ್ಕೆ ತನ್ನ ತಮ್ಮ ಆರು ವಾರ ಕತ್ತಲಲ್ಲಿ ಕೂತಿದ್ದ.

"ಈ ಗುಟ್ಟು ಇನ್ಯಾರಿಗೆ ಗೊತ್ತು?"

"ಅವರಿಗೆ ಗೊತ್ತಿತ್ತು, ನನಗೆ ಗೊತ್ತು. ಈಗ ನಿನಗೆ. ಮುಗೀತು."

"ನನ್ನ ತಮ್ಮನ ಚೂರಿ ಅವರ ಮೈಗೆ ತಾಗೇ ಇಲ್ಲ ಅಂತ ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರಾ!"

"ಆಣೆ ಹಾಕಿಸ್ಕೊಂಡಿದ್ರು ನನ್ನ ಕೈಲಿ!" ಗೆದೆಯೋನ್‌ನ ದನಿ ಒಡೆಯಿತು. "ನಾಳೆ ಇಡೀ ಪ್ರಾಂತ್ಯ ಬರ್ತಿದೆ. ಬಾವುಟ ಕಿತ್ತ ಸೆವೆರಿನ್ ಗುಂಡುಸೂಜಿಗೆ ಹೆದರ್ತಿದ್ದ ಅಂತ ಊರೂರಲ್ಲಿ ಹಾಡು ಕಟ್ಟಿ ಹಾಡ್ತಾರೆ. ನನಗೆ ಹತ್ತು ವರ್ಷ ಅನ್ನ ಹಾಕಿದವರು ಅವರು."

"ನಗಲಿ ಬಿಡಿ. ಜನ ನಕ್ರೆ ಸತ್ತೋರಿಗೆ ನೋವಾಗಲ್ಲ. ಹಗ್ಗ ಬಿಗಿದ್ರೆ ನನ್ನ ವಾಲೆಕ್‌ಗೆ ನೋವಾಗತ್ತೆ. ಇಪ್ಪತ್ತಾರು ವರ್ಷ ಅವನಿಗೆ. ನಾನು ಎತ್ತಿ ಆಡಿಸಿದ ಮಗು. ಇಷ್ಟು ದಿನ ನಿದ್ದೆ ಹೇಗೆ ಬಂತು ನಿಮಗೆ?"

"ಬರಲಿಲ್ಲ," ಎಂದ ಗೆದೆಯೋನ್. ಅದು ಸುಳ್ಳಲ್ಲವೆಂದು ಅವನ ಕಣ್ಣ ಕೆಳಗಿನ ಕಪ್ಪು ಹೇಳುತ್ತಿತ್ತು.

"ಸೋಮವಾರ ನೇಣಿಗೆ ಮುಂಚೆ ನ್ಯಾಯಾಲಯಕ್ಕೆ ಬಂದು ಹೇಳಿಬಿಡಿ."

"ಸೋಮವಾರ ನಾನಿರಲ್ಲ. ಭಾನುವಾರ ಬೆಳಗ್ಗೆ ಒಡತಿ ನನ್ನನ್ನ ಗಡಿಕೋಟೆಗೆ ಕಳಿಸ್ತಿದ್ದಾರೆ. ಇನ್ನು ಈ ಮನೆಗೆ ಕಾಲಿಡೋದು ಬೇಡ ಅಂತ ಹೇಳಿದ್ದಾರೆ."

"ಹಾಗಾದ್ರೆ ಇವತ್ತೇ ಬನ್ನಿ!"

ಗೆದೆಯೋನ್ ಮೂಲೆಯಲ್ಲಿ ಗುಡ್ಡೆಹಾಕಿದ ಕವಚವನ್ನು ನೋಡುತ್ತ ಕೂತ. ನಿಧಾನಕ್ಕೆ ಅವನ ಮುಖದಲ್ಲಿ ಏನೋ ಬೆಳಕು ಕಂಡಿತು.

"ನಾನು 'ಹೇಳಲ್ಲ' ಅಂತ ಆಣೆ ಮಾಡಿದ್ದೀನಿ. ಗೆದೆಯೋನ್ ಹೇಳಬಾರದು," ಎಂದ. "ಆದ್ರೆ ನಾಳೆ ಆ ಕವಚ ತೊಟ್ಟ ಮೇಲೆ ನಾನು ಗೆದೆಯೋನ್ ಅಲ್ಲ. ಕುದುರೆ ಏರಿದಾಗಿಂದ ಟೋಪಿ ಬಿಚ್ಚೋವರೆಗೂ ನಾನೇ ಸೆವೆರಿನ್. ಪಾದ್ರಿಗಳನ್ನೇ ಕೇಳು ಬೇಕಾದ್ರೆ. ಗುಟ್ಟು ಅವರದು, ಅವರೇ ಬಾಯಿ ಬಿಟ್ಟು ಹೇಳಿದ್ರೆ ಯಾರ ಆಣೆಯೂ ಮುರಿಯಲ್ಲ."

ಅಪೊಲೋನಿಯಾ ಬುಟ್ಟಿಯ ಕವಸನ್ನು ತೆಗೆದು ಕವಚದ ಗುಡ್ಡೆಗೆ ಸೇರಿಸಿದಳು. ಇಂಥ ಯೋಚನೆ ಸರದಾರರ ತಲೆಗಲ್ಲದೆ ಬೇರೆ ಯಾರ ತಲೆಗೂ ಬರಲು ಸಾಧ್ಯವಿರಲಿಲ್ಲ. ಆದರೆ ತಮ್ಮನ ಕೊರಳು ಉಳಿಯುವುದಾದರೆ ನಿಜ ಯಾರ ಬಾಯಿಂದ ಬಂದರೆ ಅವಳಿಗೇನು?

"ನ್ಯಾಯಾಧೀಶ ಪಾನ್ ಒನುಫ್ರಿ ಮುಂದಿನ ಸಾಲಿನಲ್ಲೇ ಕೂತಿರ್ತಾರೆ," ಎಂದಳು. "ಜೋರಾಗಿ ಹೇಳಿ. ಅವರಿಗೆ ಬಲಗಿವಿ ಮಂದ."

ಹಾಗಾದರೆ ಒಡೆಯ ಸತ್ತದ್ದು ಯಾವುದರಿಂದ? ಆ ಪ್ರಶ್ನೆಯನ್ನು ಅವಳು ಅಲ್ಲೇ, ಆಗಲೇ ಕೇಳಬೇಕಿತ್ತು. ತಮ್ಮ ಉಳಿದನೆಂಬ ಸಂತೋಷದಲ್ಲಿ ಕೇಳಲು ಮರೆತಳು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ತುಪ್ಪಳದ ಟೋಪಿಗಳು, ಪರವೂರಿನವರ ಬೋಳಿಸಿದ ತಲೆಗಳು, ಇನ್ನೂರು ಮೇಣದ ಬತ್ತಿ. ಮೇಲಿನಿಂದ ತಗಡಿನ ಪಾನ್ ಸೆವೆರಿನ್ ಎಲ್ಲರನ್ನೂ ನೋಡುತ್ತಿದ್ದ. ಮೊದಲ ಸಾಲಿನಲ್ಲಿ ಪಾನ್ ಒನುಫ್ರಿ, ಅವನ ಪಕ್ಕದಲ್ಲಿ ಸತ್ತವನ ವಿಧವೆ, ಒಡತಿ ಪಾನಿ ಬ್ರಿಗಿಡಾ. ಗಂಡ ಸತ್ತಾಗಿನಿಂದ ಅವಳು ಅತ್ತದ್ದನ್ನು ಕಂಡವರಿರಲಿಲ್ಲ. ಕ್ಷೌರಿಕನೇ ಕೊಂದವನೆಂದು ಮೊದಲ ದಿನವೇ ಬೆರಳು ತೋರಿಸಿದವಳು ಅವಳು. ಅದರಲ್ಲಿ ಕಪಟ ಇರಲಿಲ್ಲವೆಂದು ಅಪೊಲೋನಿಯಾಗೂ ಅನ್ನಿಸಿತ್ತು. ವಾಲೆಂತಿಯ ಹೆಸರೆತ್ತಿದರೆ ಆ ಹೆಂಗಸಿನ ಮುಖದಲ್ಲಿ ಕಾಣುತ್ತಿದ್ದದ್ದು ನಿಜವಾದ ದ್ವೇಷ.

ಅಪೊಲೋನಿಯಾ ಕಂಬಕ್ಕೆ ಒತ್ತಿಕೊಂಡು ನಿಂತಿದ್ದಳು. 

ದೊಡ್ಡ ಬಾಗಿಲು ತೆರೆಯಿತು. ಕಲ್ಲಿನ ಮೇಲೆ ಗೊರಸು ಗುಡುಗಿದವು. ಜನ ಎರಡು ಕಡೆಗೂ ಸೀಳಿಕೊಂಡರು. ಸವಾರ ನೇರ ಮಂಟಪದ ಬುಡಕ್ಕೆ ಬಂದು ಈಟಿಯನ್ನು ಕಂಬಕ್ಕೆ ಬಡಿದು ಮುರಿದ. ಆಮೇಲೆ ಬಿದ್ದ. ಅದೇನು ಬಿದ್ದ ರೀತಿ! ಹೆಂಗಸರು ಚೀರಿದರು, ಪಾದ್ರಿ ಬೋನಿಫಾತ್ಸಿಯ ಮುಖ ಅರಳಿತು.

ಬಿದ್ದವನು ಬಿದ್ದೇ ಇರಬೇಕಿತ್ತು. ನಾಲ್ವರು ಬಂದು ಹೊತ್ತುಕೊಂಡು ಹೋಗಬೇಕಿತ್ತು. ಆದರೆ ಆ ನಾಲ್ವರು ಬಾಗುವಷ್ಟರಲ್ಲಿ ಅವನು ಎದ್ದು ಕೂತ. ಆಮೇಲೆ ನಿಂತ.

"ನಾನು ಸೆವೆರಿನ್," ಎಂದ ಸವಾರ. ಕಬ್ಬಿಣದ ಟೋಪಿಯೊಳಗಿಂದ ಬಂದ ದನಿಗೆ ಚರ್ಚು ಗಪ್‌ಚಿಪ್ಪಾಯಿತು. "ನಾನು ತುರ್ಕರಿಗೆ ಹೆದರಲಿಲ್ಲ. ರಕ್ತ ತೆಗೆಯುವ ಚೂರಿಗೆ ಹೆದರಿದೆ. ಬದುಕಿದ್ದಷ್ಟು ದಿನ ಅದನ್ನು ಮುಚ್ಚಿಟ್ಟೆ. ವಾಲೆಂತಿಯ ಚೂರಿ ನನ್ನ ಮೈ ಮುಟ್ಟಿಲ್ಲ. ಆವತ್ತು ಪರದೆಯಿಂದ ಚಾಚಿದ ತೋಳು ನನ್ನದಲ್ಲ. ಒಬ್ಬ ನಿರಪರಾಧಿಯನ್ನ ನನ್ನ ಹೆಸರಲ್ಲಿ ಕೊಲ್ಲಬೇಡಿ."

ಅವನು ಟೋಪಿ ಬಿಚ್ಚಿದ. ಎಡಗೈಯ ಕವಸು ಎಳೆದು ಎಸೆದ, ಅಂಗಿಯ ತೋಳನ್ನು ಮೊಣಕೈವರೆಗೂ ಸರಿಸಿದ. ಹತ್ತಿರದ ಮೇಣದ ಬತ್ತಿಯ ಬೆಳಕಿಗೆ ಹಿಡಿದ.

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಯಾರೋ ನಕ್ಕವನ ಕೆನ್ನೆಗೆ ಬಾರಿಸಿದರು. ಖಡ್ಗಗಳು ಒರೆಯಿಂದ ಅರ್ಧ ಬಂದವು. ಪಾನ್ ಒನುಫ್ರಿ ಎದ್ದು ಬಂದು ಆ ತೋಳನ್ನು ಹಿಡಿದು, ತನ್ನ ಅಂಗಿ ಸರಿಸಿ, ತನ್ನದೇ ಮೊಣಕೈಯ ಗೆರೆಯ ಪಕ್ಕ ಇಟ್ಟು ನೋಡಿದ. ಎರಡೂ ಹೊರಕ್ಕೆ ಓರೆ.

"ಇದು ವಾಲೆಂತಿಯದೇ ಕೈಕೆಲಸ," ಎಂದ ನ್ಯಾಯಾಧೀಶ. ಕಂಬವನ್ನು ತಬ್ಬಿಕೊಂಡು ಅಪೊಲೋನಿಯಾ ದೇವರ ಹೆಸರು ಹೇಳತೊಡಗಿದಳು.

"ಆದರೆ ಹುಡುಗ," ಪಾನ್ ಒನುಫ್ರಿಯ ದನಿ ಗಡುಸಾಯಿತು, "ವಿಷ ಚೂರಿಯಲ್ಲಿ ಇರಲಿಲ್ಲ ಅಂದ್ರೆ ಎಲ್ಲಿತ್ತು? ಪರದೆ ಒಳಗೆ ಇದ್ದೋನು ನೀನು. ಕೊನೇಲಿ ಅವರ ಜೊತೆ ಇದ್ದೋನೂ ನೀನೇ. ಅವರಿಗೆ ಏನು ಕೊಟ್ಟೆ?"

"ನಾನೇನೂ ಕೊಟ್ಟಿಲ್ಲ!" ಗೆದೆಯೋನ್ ಬೆಚ್ಚಿದ. ತನ್ನ ಕೊರಳಿನ ಮೇಲೇ ಹಗ್ಗ ಬರಬಹುದೆಂಬ ಯೋಚನೆ ಅವನಿಗೆ ಈವರೆಗೆ ಹೊಳೆದೇ ಇರಲಿಲ್ಲ. "ಕ್ಷೌರಿಕ ಹೋದ ಮೇಲೆ ಅವರು ಏನೂ ತಿನ್ನಲಿಲ್ಲ. ಬಿಸಿ ಬಿಯರು ಬಂತು, ಅಷ್ಟೇ. ಎಲ್ಲರ ಮನೆಯಲ್ಲೂ ಕೊಡೋದೇ ಅಲ್ವಾ, ರಕ್ತ ಕೊಟ್ಟೋರಿಗೆ ಶಕ್ತಿ ಬರಲಿ ಅಂತ? ಜೇನು ಹಾಕಿದ್ದು. ಒಂದೇ ಬಟ್ಟಲು. ರಕ್ತ ಕೊಟ್ಟೋನು ನಾನು ಅಂತ ಕೈ ಚಾಚಿದೆ. ಅವರು ನಗ್ತಾ ಕಿತ್ಕೊಂಡ್ರು. 'ರೋಗಿ ನಾನು ಕಣೋ, ಕೊಡಿಲ್ಲಿ' ಅಂತ ಒಂದೇ ಗುಟುಕಿಗೆ..."

"ಗೆದೆಯೋನ್."

ಪಾನಿ ಬ್ರಿಗಿಡಾ ಎದ್ದು ನಿಂತಿದ್ದಳು. ಮುಖದ ಮೇಲಿನ ಕಪ್ಪುಬಟ್ಟೆಯನ್ನು ಕೈಯಿಂದ ಸರಿಸಿದಳು. ಯಾರ ಕಡೆಗೂ ನೋಡದೆ ನೇರ ಅವನ ಹತ್ತಿರ ಬಂದು ಆ ತೆರೆದ ತೋಳನ್ನು ಹಿಡಿದಳು. ಹೆಬ್ಬೆರಳಿನಿಂದ ಗಾಯದ ಗೆರೆಯನ್ನು ಒಂದು ಸಲ ಸವರಿದಳು.

"ಇದು ಆವತ್ತಿನದಾ?"

"ಹೌದು ಅತ್ತಿಗೆ."

"ಆವತ್ತೂ ನೀನೇ ತೋಳು ಕೊಟ್ಟಿದ್ಯಾ? ಯಾವಾಗಲಿನ ಹಾಗೆ?"

ಗೆದೆಯೋನ್ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿದ. "ನಿಮಗೆ... ನಿಮಗೆ ಗೊತ್ತಿತ್ತಾ?"

"ಹನ್ನೆರಡು ವರ್ಷ ಪಕ್ಕದಲ್ಲಿ ಮಲಗಿದ್ದೀನಿ. ಅವರ ತೋಳಲ್ಲಿ ಒಂದು ಗೀರು ಕಾಣದೆ ಇದ್ರೆ ನನಗೆ ಗೊತ್ತಾಗಲ್ವಾ? ಹೆಂಡತಿಯಿಂದ ಮುಚ್ಚಿಟ್ಟ ಗುಟ್ಟು ನಿನಗೆ ಕೊಟ್ರು, ಎಂಟು ವರ್ಷ ಆ ಪರದೆಯೊಳಗೆ ಜಾಗ ನಿನಗೆ, ನನಗಲ್ಲ." ಅವಳ ದನಿ ಪಿಸುಮಾತಿನಷ್ಟೇ ಇತ್ತು, ಆದರೆ ಆ ನಿಶ್ಶಬ್ದದಲ್ಲಿ ಕೊನೆಯ ಸಾಲಿಗೂ ಕೇಳಿಸಿತು. "ಆದರೆ ಮಾರನೇ ಬೆಳಗ್ಗೆ ನೀನು ಬದುಕಿದ್ದೆ. ಅಂಗಳದಲ್ಲಿ ಕುದುರೆ ತೊಳೀತಾ ನಿಂತಿದ್ದೆ. ಅದಕ್ಕೇ, ಈ ಸಲ ಅವರೇ ತೋಳು ಕೊಟ್ರು, ಆ ಕ್ಷೌರದವನೇ ಅವರನ್ನ ಕೊಂದ ಅಂದ್ಕೊಂಡೆ. ಬಿಯರು ಯಾರೂ ಕುಡೀಲಿಲ್ಲ, ಚೆಲ್ಲಿಹೋಯ್ತು ಅಂತ ನನ್ನನ್ನೇ ನಂಬಿಸ್ಕೊಂಡೆ."

"ಅತ್ತಿಗೆ, ಏನು ಹೇಳ್ತಿದ್ದೀರಿ?"

ಆರು ವಾರ ಒಣಗಿದ್ದ ಕಣ್ಣು ಈಗ ಹರಿಯತೊಡಗಿತು. ಅವಳು ಅವನ ಕವಚದ ಎದೆಗೆ ಎರಡೂ ಮುಷ್ಟಿಯಿಂದ ಗುದ್ದಿದಳು, ಮತ್ತೆ ಗುದ್ದಿದಳು.

"ಅವರಿಗೆ ಯಾಕೆ ಕುಡಿಯೋಕೆ ಬಿಟ್ಟೆ?" ಪಾನಿ ಬ್ರಿಗಿಡಾ ಚೀರಿದಳು. "ಅದು ನಿನಗೆ ಕಳಿಸಿದ್ದು!"